ಕೂಡಿ ಬೇಡುವವರು, ಕೂಡಿ ನಗುವವರು

ಹಾವೇರಿಯ ಸೀಮೆಯಲ್ಲಿ ಗಳಗನಾಥವೆಂಬ ಗ್ರಾಮವುಂಟು. ಅಲ್ಲಿ ವರದೆಯು ತುಂಗಭದ್ರೆಯನ್ನು ಕೂಡುವಳು. ಆ ಕೂಡಲಿನ ದಂಡೆಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿಯು ನಿಂತಿರುವದು. ನೀರು ನೀರನ್ನು ಕೂಡುವ ಸ್ಥಳದಲ್ಲಿ ನಾಲ್ಕು ಜನರು ಕೂಡಿ ದೇವರನ್ನು ನೆನೆಯಬೇಕೆಂಬ ಬುದ್ಧಿಯು ನಮ್ಮ ಪೂರ್ವಿಕರಿಗೆ ಹೇಗೆ ಹುಟ್ಟಿತೋ ಹೇಳಲಾಗದು; ಆದರೆ ನಮ್ಮ ನಾಡಿನಲ್ಲಿ ಕೂಡಲೆಂದ ಮೇಲೆ ಅಲ್ಲೊಂದು ಗುಡಿ, ವರುಷಕ್ಕೊಂದು ಜಾತ್ರೆ ಇದ್ದೇ ಇರುವವು. ಒಬ್ಬನೇ ಕುಳಿತು ಮಾಡುವ ಧ್ಯಾನಕ್ಕೆ ಒಂದು ಮೂಲೆಯು ಸಾಕು. ಕೂಡಿ ಮಾಡುವ ಪ್ರಾರ್ಥನೆಗೆ ದಾರಿ ಬೇಕು, ದಂಡೆ ಬೇಕು, ಬರುವವರ ಹಾದಿಯನ್ನು ಕಾಯುವವರು ಬೇಕು.

ಈ ಊರಿನ ಹೆಸರನ್ನೇ ತಮ್ಮ ಹೆಸರನ್ನಾಗಿ ಮಾಡಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು (1869–1942) ನಮ್ಮ ವಾಚಕರು ಬಲ್ಲರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ಅವರು ಸಂಪಾದಿಸಿದರು. ಒಬ್ಬರ ಮೋರೆಯನ್ನೊಬ್ಬರು ಎಂದೂ ನೋಡದ ಮನೆಗಳವರು ಒಂದೇ ತಿಂಗಳಲ್ಲಿ ಒಂದೇ ಪುಟವನ್ನೋದಿ, ಒಂದೇ ಮಾತಿಗೆ ಕಣ್ಣೀರಿಟ್ಟು, ಒಂದೇ ಮಾತಿಗೆ ನಗುತ್ತಿದ್ದರೆಂಬುದು ಸಣ್ಣ ಸಂಗತಿಯಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮನೆಬಾಗಿಲಿಗೆ ಮುಟ್ಟಿಸುತ್ತಿದ್ದರೆಂದು ಹಿರಿಯರು ಇಂದಿಗೂ ಹೇಳುವರು. ದೂರದವರನ್ನು ಒಂದುಗೂಡಿಸಬೇಕಾದರೆ ಯಾರಾದರೊಬ್ಬರು ಹೊರೆ ಹೊರಬೇಕೆಂಬುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬಿನ್ನವಿಸುವೆವು. ಮುಂದೆ ನಾವು ಹೇಳಬೇಕೆಂದಿರುವ ವಿಷಯದಲ್ಲಿ ಈ ಮಾತು ಮತ್ತೆ ಮತ್ತೆ ಬರುವದು.

ಆ ವಿಷಯವು ನಮ್ಮ ನೆರೆಯವರಾದ ಕ್ರೈಸ್ತರ ಮನೆಗಳಲ್ಲಿಯ ಒಂದು ರೂಢಿಗೆ ಸಂಬಂಧಿಸಿದ್ದು. ಶನಿವಾರದ ಭಜನೆ, ಏಕಾದಶಿಯ ಕೀರ್ತನೆ, ಮಠದಲ್ಲಿಯ ಪುರಾಣ ಇವೆಲ್ಲ ನಮ್ಮ ಗೃಹಸ್ಥರಿಗೆ ಪರಿಚಿತವಾದವುಗಳು. ಕ್ರೈಸ್ತರಲ್ಲಿ ಭಾನುವಾರದ ಆರಾಧನೆಯ ಹೊರತಾಗಿ ‘ಪ್ರಾರ್ಥನಾಕೂಟ’ವೆಂಬುದೊಂದು ಇರುವದು. ಐದಾರು ಮನೆಯವರು, ಹೆಚ್ಚಾಗಿ ಹೆಣ್ಣುಮಕ್ಕಳು, ವಾರದಲ್ಲೊಂದು ಸಂಜೆ ಒಬ್ಬರ ಮನೆಯಲ್ಲಿ ಸೇರಿ ಒಂದು ಕೀರ್ತನೆಯನ್ನು ಹಾಡುವರು. ಬೈಬಲಿನ ಒಂದು ಭಾಗವನ್ನು ಓದುವರು. ಆ ಮೇಲೆ ಒಬ್ಬೊಬ್ಬರೂ ತಮ್ಮ ಮನೆಯ ಚಿಂತೆಯನ್ನು ಹೇಳಿಕೊಳ್ಳುವರು. ಮಗನ ಪರೀಕ್ಷೆ, ಮಗಳ ಲಗ್ನ, ಅತ್ತೆಯ ಮೊಣಕಾಲು, ಗಂಡನ ವರ್ಗ, ಬರಬೇಕಾದ ಸಂಬಳ. ಒಬ್ಬರ ಚಿಂತೆಯನ್ನು ಇನ್ನೊಬ್ಬರು ದೇವರ ಮುಂದೆ ಇಡುವರು. ಕಡೆಗೆ ಚಹ, ಚುರುಮುರಿ, ಒಂದಿಷ್ಟು ನಗೆ.

ಹಾವೇರಿ ಜಿಲ್ಲೆಯಲ್ಲಿ ಕ್ರೈಸ್ತರ ಮನೆಗಳು ಬಹು ವಿರಳ. ಶಾಲೆಯ ಮಾಸ್ತರರು, ದವಾಖಾನೆಯ ದಾದಿಯರು, ರೇಲ್ವೆಯ ನೌಕರರು ಮುಂತಾದವರು ವರ್ಗವಾಗಿ ಬಂದಲ್ಲಿ ಬಿಡಾರ ಹೂಡುವರು. ಇಂಥ ಮನೆಯೊಂದಕ್ಕೆ ಅದೇ ಓಣಿಯಲ್ಲಿ ಐದು ಜೊತೆಗಾರರು ದೊರೆಯುವದು ಕಷ್ಟ. ಒಬ್ಬ ಗೆಳತಿಯು ಹಾವೇರಿಯಲ್ಲಿದ್ದರೆ ಇನ್ನೊಬ್ಬಳು ಬ್ಯಾಡಗಿಯಲ್ಲಿ, ಮತ್ತೊಬ್ಬಳು ಹುಬ್ಬಳ್ಳಿಯಲ್ಲಿ, ಮಗಳು ದೂರದ ಕೊಲ್ಲಿಯ ನಾಡಿನ ಆಸ್ಪತ್ರೆಯಲ್ಲಿ. ಆದುದರಿಂದ ಈಗಿನ ದಿನಗಳಲ್ಲಿ ಇಂಥವರ ಕೂಟವು ಬಹುಮಟ್ಟಿಗೆ ಮೊಬೈಲಿನಲ್ಲಿಯೇ ಕೂಡುವದು. ಬೆಳಗಾದೊಡನೆ ಒಬ್ಬರು ಆ ದಿನದ ವಾಕ್ಯವನ್ನು ಕಳಿಸುವರು. ಮಧ್ಯಾಹ್ನದೊಳಗಾಗಿ ಕೈಮುಗಿದ ಚಿತ್ರಗಳ ಸಾಲು ಬಂದು ನಿಲ್ಲುವದು. ರಾತ್ರಿ ಎಂಟು ಗಂಟೆಗೆ ಎಲ್ಲರೂ ಒಂದೇ ಕರೆಯಲ್ಲಿ ಸೇರಿ ಪ್ರಾರ್ಥಿಸುವರು. ಒಬ್ಬಳ ಮನೆಯ ಕುಕ್ಕರಿನ ಸೀಟಿಯು ಇನ್ನೊಬ್ಬಳ ಪ್ರಾರ್ಥನೆಯಲ್ಲಿ ಕೂಗುವದು. ಇದನ್ನು ಕಂಡು ಕೆಲವರು, “ಇದೇನು ಪ್ರಾರ್ಥನೆಯೋ, ಕಾಲಹರಣವೋ” ಎಂದು ಮೂಗು ಮುರಿಯುವದುಂಟು. ನಮಗೆ ಹಾಗೆ ಮೂಗು ಮುರಿಯುವ ಮನಸ್ಸಿಲ್ಲ. ದೂರದಲ್ಲಿದ್ದುಕೊಂಡು ಕೂಡಿ ಪ್ರಾರ್ಥಿಸುವ ಈ ರೂಢಿಯು ಮೊಬೈಲಿನಿಂದ ಹುಟ್ಟಿದ್ದಲ್ಲ; ಅದು ಕ್ರೈಸ್ತಧರ್ಮದಷ್ಟೇ ಹಳೆಯದು.

ಪೌಲನು ರೋಮಾಪುರದ ಸಭೆಗೆ ಬರೆದ ಪತ್ರವನ್ನು ನೋಡಿರಿ. ಅದನ್ನು ಬರೆಯುವಾಗ ಅವನು ಆ ಊರನ್ನು ಕಂಡೇ ಇರಲಿಲ್ಲ. ಹದಿನೈದು ಅಧ್ಯಾಯಗಳ ವರೆಗೆ ಗಹನವಾದ ಧರ್ಮವಿಚಾರವನ್ನು ನಡೆಯಿಸಿ, ಹದಿನಾರನೆಯದರಲ್ಲಿ ಅವನು ಒಮ್ಮಿಂದೊಮ್ಮೆಲೆ ಮನೆಮಾತಿಗೆ ಇಳಿಯುವನು. 20ಕ್ಕೂ ಹೆಚ್ಚು ಜನರ ಹೆಸರು ಹಿಡಿದು ವಂದನೆ ಹೇಳುವನು. ಇಂಥವಳು ಬಹಳ ದುಡಿದಳೆಂದು, ಇಂಥವರು ತನ್ನೊಡನೆ ಸೆರೆಯಲ್ಲಿದ್ದರೆಂದು ಒಬ್ಬೊಬ್ಬರ ಗುರುತನ್ನು ಎತ್ತಿ ಆಡುವನು. ರೂಫನೆಂಬವನ ತಾಯಿಯು ತನಗೂ ತಾಯಿಯೇ ಆಗಿದ್ದಳೆಂದು ನೆನೆಯುವನು. ಪತ್ರವನ್ನು ಒಯ್ದವಳು ಕೆಂಖ್ರೆಯ ಸಭೆಯ ಫೊಯಿಬೆಯೆಂಬ ಸ್ತ್ರೀಯೆಂದು ಪಂಡಿತರು ತಿಳಿಯುತ್ತಾರೆ. ವಿಚಾರವೆಲ್ಲ ಪೌಲನದಾಗಿದ್ದರೂ ಕಡಲು ದಾಟಿದ ಕಾಲುಗಳು ಅವಳವು.

ಇದಕ್ಕಿಂತ ಸ್ಪಷ್ಟವಾದ ನಿದರ್ಶನವೊಂದು ಜರ್ಮನಿಯ ಸ್ಯಾಕ್ಸನಿಯಲ್ಲಿ ನಡೆಯಿತು. ಅದರ ಒಂದು ಎಳೆಯು ನಮ್ಮ ಧಾರವಾಡದ ವರೆಗೂ ಬಂದಿರುವದರಿಂದ ಅದನ್ನು ವಿಸ್ತರಿಸಿ ಹೇಳುವೆವು. ಸ್ವಧರ್ಮದ ಸಲುವಾಗಿ ಮೊರಾವಿಯಾ ದೇಶದಿಂದ ಓಡಿಬಂದ ಕೆಲವು ಕುಟುಂಬಗಳಿಗೆ 1722ರಲ್ಲಿ ಝಿಂಜೆಂಡಾರ್ಫನೆಂಬ ಜಮೀನುದಾರನು ತನ್ನ ಭೂಮಿಯಲ್ಲಿ ಆಶ್ರಯವಿತ್ತನು. ಹೆರ್ನ್‌ಹೂಟ್ ಎಂಬ ಹಳ್ಳಿಯು ಅಲ್ಲಿ ಹುಟ್ಟಿತು. ಆಶ್ರಯ ಸಿಕ್ಕೊಡನೆ ಜಗಳಗಳೂ ಹುಟ್ಟಿದವು! ಹತ್ತು ದಿಕ್ಕಿನಿಂದ ಬಂದವರು, ಹತ್ತು ಮತದವರು. ಒಬ್ಬರ ಪೂಜಾಕ್ರಮವು ಇನ್ನೊಬ್ಬರಿಗೆ ಸೇರದು. ಐದು ವರುಷ ಹೀಗೆ ನಡೆದ ಬಳಿಕ, 1727ರ ಬೇಸಿಗೆಯಲ್ಲಿ ಅವರು ಪರಸ್ಪರ ಕ್ಷಮೆ ಬೇಡಿ ಒಂದಾದರು. ಅದೇ ಆಗಸ್ಟ್ 27ರಂದು 24 ಜನ ಗಂಡಸರೂ 24 ಜನ ಹೆಂಗಸರೂ ಹಗಲು ರಾತ್ರಿಯ 24 ತಾಸುಗಳನ್ನು ಹಂಚಿಕೊಂಡು ಒಂದು ಸರಪಣಿಯಂತೆ ಪ್ರಾರ್ಥಿಸತೊಡಗಿದರು. ಒಬ್ಬರದು ಮುಗಿಯುವಷ್ಟರಲ್ಲಿ ಇನ್ನೊಬ್ಬರು, ಅವರವರ ಮನೆಯಲ್ಲಿಯೇ. ಆ ಸರಪಣಿಯು ನೂರು ವರುಷಕ್ಕೂ ಮಿಕ್ಕಿ ಹರಿಯದೆ ನಡೆಯಿತು.

ಮರುವರುಷ, 1728ರ ಮೇ 3ರಂದು, ಝಿಂಜೆಂಡಾರ್ಫನು ಸಂಜೆಯ ಕೂಟದಲ್ಲಿ ಮರುದಿನಕ್ಕೆಂದು ಒಂದು ಚಿಕ್ಕ ವಾಕ್ಯವನ್ನು ಕೊಟ್ಟನು. ಬೆಳಗಾದ ಬಳಿಕ ಅದನ್ನು ಹಳ್ಳಿಯ 32 ಮನೆಗಳಿಗೂ ಒಬ್ಬರು ಹೋಗಿ ತಿಳಿಸಿ ಬಂದರು. ಅಂದಿನಿಂದ ಇದೇ ಪದ್ಧತಿಯಾಯಿತು. ವಾಕ್ಯ ಒಯ್ಯುವವನು ಹೊಸ್ತಿಲಲ್ಲಿ ನಿಂತು ವಾಕ್ಯವನ್ನು ಹೇಳಿ ಹೋಗಿಬಿಡುತ್ತಿರಲಿಲ್ಲ. ಮನೆಯವರ ಯೋಗಕ್ಷೇಮವನ್ನು ವಿಚಾರಿಸುತ್ತಿದ್ದನು. ಯಾರು ಹಾಸಿಗೆ ಹಿಡಿದರು, ಯಾರ ಮನಸ್ಸು ಕುಂದಿದೆ, ಯಾರ ಒಲೆಯು ಹೊತ್ತಿಲ್ಲ ಎಂಬುದನ್ನೆಲ್ಲ ತಿಳಿದುಕೊಂಡು ಬರುತ್ತಿದ್ದನು. ಈ ಪದ್ಧತಿಯ ಜೀವವೆಲ್ಲ ಇಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ವಾಕ್ಯವು ಒಳಗೆ ಹೋಗುತ್ತಿತ್ತು, ಸುದ್ದಿಯು ಹೊರಗೆ ಬರುತ್ತಿತ್ತು. 1731ರಿಂದ ಈ ದಿನವಾಕ್ಯಗಳು ವರುಷಕ್ಕೊಂದು ಪುಸ್ತಕವಾಗಿ ಅಚ್ಚಾಗುತ್ತ ಬಂದಿವೆ. ಇಂದು ಹತ್ತಾರು ಭಾಷೆಗಳಲ್ಲಿ ದೊರೆಯುತ್ತವೆ. ಅಚ್ಚಾದ ಪುಸ್ತಕವು ದೂರ ಹೋಗಬಲ್ಲದು ನಿಜ. ಆದರೆ ಅದು ಮರಳಿ ಬಂದು ಯಾರ ಮನೆಯಲ್ಲಿ ಜ್ವರವಿದೆಯೆಂದು ಹೇಳಲಾರದು.

ಅದೇ ಶತಮಾನದಲ್ಲಿ, 1780ರಲ್ಲಿ, ಸ್ವಿತ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಇಂಥದೇ ಮನಸ್ಸಿನವರ ಸಂಘವೊಂದು ಏರ್ಪಟ್ಟಿತು. ಅದರ ಮುಖ್ಯ ಉದ್ಯೋಗವೇ ಪತ್ರವ್ಯವಹಾರ. ಊರೂರುಗಳ ಗೆಳೆಯರು ತಮ್ಮ ಸಮಾಚಾರವನ್ನು ಬಾಸೆಲ್ಲಿಗೆ ಬರೆಯುವರು. ಅಲ್ಲಿಯ ಕಾರ್ಯದರ್ಶಿಯು ಅವುಗಳ ಸಾರವನ್ನೆತ್ತಿ ಎಲ್ಲರಿಗೂ ಕಳಿಸುವನು. ಈ ಪತ್ರಬಳಗದವರಿಂದಲೇ 1815ರಲ್ಲಿ ಬಾಸೆಲ್ ಮಿಶನ್ ಹುಟ್ಟಿತು. ಅದರ ಪಾದ್ರಿಗಳು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ, 1841ರಲ್ಲಿ ಬೆಟಗೇರಿಗೂ ಬಂದರು. ಕಿಟೆಲ್ಲರ 1894ರ ನಿಘಂಟನ್ನು ಕಪಾಟಿನಲ್ಲಿಟ್ಟುಕೊಂಡ ಕನ್ನಡಿಗರು ಸಾವಿರಾರು ಮಂದಿ. ಆ ನಿಘಂಟುಕಾರರನ್ನು ಈ ನಾಡಿಗೆ ಕಳಿಸಿದ ಸಂಸ್ಥೆಯು ಗೆಳೆಯರ ಕಾಗದಗಳಿಂದ ಹುಟ್ಟಿತೆಂಬುದನ್ನು ಬಲ್ಲವರು ಕಡಿಮೆ.

ಇತ್ತ ಹುಬ್ಬಳ್ಳಿಯಿಂದ ಹೋದ ಪತ್ರಗಳು ಅತ್ತ ಜರ್ಮನಿಯ ಹಳ್ಳಿಗಳಲ್ಲಿ ಓದಲ್ಪಡುತ್ತಿದ್ದವು. 1828ರಿಂದ ಬಾಸೆಲ್ಲಿನವರು ಇದಕ್ಕಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸುತ್ತಿದ್ದರು. 1855ರಲ್ಲಿ ಕಾರ್ಲ್ ಸರಾಸಿನ್ ಎಂಬ ವರ್ತಕನು ‘ಅರೆ ಬಾಟ್ಸೆನ್’ ವಂತಿಗೆಯನ್ನು ಆರಂಭಿಸಿದನು. ಬಾಟ್ಸೆನ್ ಅಂದರೆ ಒಂದು ಚಿಲ್ಲರೆ ನಾಣ್ಯ. ವಾರಕ್ಕೆ ಅದರ ಅರ್ಧ. ಕೆಲವು ಮನೆಗಳಿಗೆ ಒಬ್ಬರಂತೆ ಹೋಗಿ ಇದನ್ನು ಕೂಡಿಸಿ ತರುವರು. ಇಲ್ಲಿಯೂ ನೋಡಿರಿ, ಮನೆಮನೆಗೆ ತಿರುಗುವ ಕಾಲುಗಳೇ! 1914ರ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳನ್ನು ಸರಕಾರವು ಬಂಧನದಲ್ಲಿಟ್ಟು ಮುಂದೆ ಸ್ವದೇಶಕ್ಕೆ ಕಳಿಸಿತು. ಹೊರಗಿನ ಕೈಗಳು ಹೋದ ಮೇಲೂ ನಮ್ಮ ಕಡೆಯ ಕನ್ನಡ ಸಭೆಗಳು ಉಳಿದು ಬೆಳೆದವು. 1947ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯನ್ನು ಮುಂದೆ ಸೇರಿದವು. 1970ರಿಂದ ಅವುಗಳ ಉತ್ತರ ಕರ್ನಾಟಕದ ಧರ್ಮಪ್ರಾಂತ್ಯಕ್ಕೆ ಧಾರವಾಡವೇ ಕೇಂದ್ರ.

ಕರಾವಳಿಯ ಕೆಥೋಲಿಕರಲ್ಲಿಯೂ ಇಂಥದೊಂದು ಏರ್ಪಾಡುಂಟು. ಅಲ್ಲಿ ಒಂದೊಂದು ವಾಡೆಗೆ ಗುರ್ಕಾರನೆಂಬ ಹಿರಿಯನಿರುವನು. ಮನೆಗಳಿಗೂ ಇಗರ್ಜಿಗೂ ನಡುವೆ ಸುದ್ದಿ ಒಯ್ಯುವವನು ಅವನು. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಕೂಡಿ ಜಪಮಾಲೆಯನ್ನು ಹೇಳುವದು, ಮುಗಿದೊಡನೆ ಚಿಕ್ಕವರು ಹಿರಿಯರ ಆಶೀರ್ವಾದವನ್ನು ಬೇಡುವದು ಆ ಮನೆಗಳ ಹಳೆಯ ಸಂಪ್ರದಾಯ.

ಇನ್ನು ನಗೆಯ ಮಾತು. ಪ್ರಾರ್ಥನೆಯ ನಡುವೆ ವಿನೋದವು ಸಲ್ಲುವದೇ ಎಂದು ಗಂಭೀರಸ್ವಭಾವದವರು ಕೇಳಬಹುದು. ಹರಿದಾಸರು ಕಥೆಯ ನಡುವೆ ಉಪಕಥೆಯನ್ನು ತೆಗೆದು ಶ್ರೋತೃಗಳನ್ನು ನಗಿಸಿ, ಅದೇ ಉಸುರಿನಲ್ಲಿ ಅಳಿಸಿದ್ದನ್ನು ಕಂಡ ನಾವು ಈ ಪ್ರಶ್ನೆಯನ್ನು ಕೇಳಬೇಕಾಗಿಲ್ಲ. ಆದರೂ ಒಂದು ದೊಡ್ಡ ಉದಾಹರಣೆಯು ಇಲ್ಲಿ ಉಚಿತವೆಂದು ತೋರುವದು. 1530ರಲ್ಲಿ ಮಾರ್ಟಿನ್ ಲೂಥರನು ಸುಮಾರು ಆರು ತಿಂಗಳ ಕಾಲ ಕೋಬರ್ಗಿನ ಕೋಟೆಯಲ್ಲಿದ್ದನು. ಚಕ್ರವರ್ತಿಯ ಬಹಿಷ್ಕಾರವಿದ್ದುದರಿಂದ ಔಗ್ಸ್‌ಬರ್ಗಿನಲ್ಲಿ ನೆರೆದ ಮಹಾಸಭೆಗೆ ಅವನು ಹೋಗುವಂತಿರಲಿಲ್ಲ. ಮೈಯಲ್ಲಿ ಅನಾರೋಗ್ಯ, ನಡುವೆ ತಂದೆ ತೀರಿದ ಸುದ್ದಿ ಬೇರೆ. ಅಂಥ ದಿನಗಳಲ್ಲಿ ಅವನು ಮನೆಯ ಊಟದ ಸಂಗಡಿಗರಿಗೆ ಬರೆದ ಕಾಗದವೇನು ಗೊತ್ತೇ? ಕಿಟಕಿಯ ಹೊರಗಿನ ತೋಪಿನಲ್ಲಿ ಕಾಗೆಗಳೂ ಮಹಾಸಭೆ ಕೂಡಿಸಿವೆಯೆಂದು, ಅವುಗಳ ರಾಜರೂ ಸರದಾರರೂ ಕರಿಯ ನಿಲುವಂಗಿ ತೊಟ್ಟು ಹಗಲೂ ರಾತ್ರಿಯೂ ಅರಚುತ್ತಿರುವರೆಂದು ವರ್ಣಿಸಿದನು! ನಾಲ್ಕು ವರುಷದ ಮಗ ಹಾನ್ಸನಿಗೆ, ಒಳ್ಳೆಯ ಮಕ್ಕಳು ಹಣ್ಣು ತಿಂದು ಚಿಕ್ಕ ಕುದುರೆ ಹತ್ತಿ ಆಡುವ ತೋಟವೊಂದರ ಕಥೆಯನ್ನು ಬರೆದನು. ಅದೇ ಕೈಯಿಂದ, ಔಗ್ಸ್‌ಬರ್ಗಿನಲ್ಲಿ ಚಿಂತೆಯಿಂದ ಕರಗುತ್ತಿದ್ದ ಗೆಳೆಯ ಮೆಲಾಂಕ್‌ಥನನಿಗೆ ಧೈರ್ಯದ ಪತ್ರಗಳನ್ನೂ ಬರೆದನು. ನಗೆಯ ಕಾಗದಗಳೂ ಧೈರ್ಯದ ಕಾಗದಗಳೂ ಒಂದೇ ಕೋಟೆಯಿಂದ ಹೊರಟವು.

1546ರಲ್ಲಿ ಅವನು ಐಸ್ಲೆಬೆನ್ ಎಂಬ ತನ್ನ ಹುಟ್ಟೂರಿಗೆ ಹೋದಾಗ ಹೆಂಡತಿ ಕಥರೀನಳಿಗೆ ಅವನ ಆರೋಗ್ಯದ ಚಿಂತೆ ಹತ್ತಿ ನಿದ್ರೆ ಬಾರದಾಯಿತು. ಲೂಥರನು ಅವಳನ್ನು ಕಾಗದದಲ್ಲಿ ಛೇಡಿಸಿದನು. ನೀನು ಚಿಂತೆ ಮಾಡತೊಡಗಿದಂದಿನಿಂದ ನನ್ನ ಕೋಣೆಯ ಬಾಗಿಲಲ್ಲಿಯೇ ಬೆಂಕಿ ಬಿದ್ದಿತು, ತಲೆಯ ಮೇಲೆ ಕಲ್ಲು ಬೀಳುವದರಲ್ಲಿತ್ತು, ಇನ್ನೂ ಚಿಂತಿಸಿದರೆ ನೆಲವೇ ಬಾಯ್ದೆರೆದು ನುಂಗೀತು. ಚಿಂತೆಯನ್ನು ದೇವರಿಗೆ ಬಿಟ್ಟು ನೀನು ಪ್ರಾರ್ಥನೆ ಮಾಡು ಎಂಬುದು ಆ ಕಾಗದದ ತಾತ್ಪರ್ಯ. ಅದನ್ನು ಬರೆದದ್ದು ಫೆಬ್ರವರಿ 10ರಂದು. 18ರಂದು ಅವನು ತೀರಿಕೊಂಡನು. ಕಥರೀನಳ ಚಿಂತೆಯು ಸುಳ್ಳಾಗಿರಲಿಲ್ಲ. ಆದರೂ ಗಂಡನಿಂದ ಅವಳಿಗೆ ಬಂದ ಕಡೆಯ ಕಾಗದಗಳು ನಗೆಯ ಕಾಗದಗಳಾಗಿದ್ದುವೆಂಬುದು ಅವಳ ವೈಧವ್ಯದ ದಿನಗಳಲ್ಲಿ ಎಂಥ ಆಸ್ತಿಯಾಗಿದ್ದೀತೆಂಬುದನ್ನು ನಮ್ಮ ಗೃಹಿಣಿಯರೇ ಊಹಿಸಬಲ್ಲರು.

ನಮ್ಮ ಕಡೆಯ ಕೂಟಗಳ ನಗೆಯೂ ಇದೇ ಜಾತಿಯದು. ನಾಳೆ ಕಣ್ಣಿನ ಪೊರೆ ತೆಗೆಸಿಕೊಳ್ಳಬೇಕಾದ ಹಿರಿಯಳೊಬ್ಬಳು ಅಂಜಿ ಕುಳಿತಿರುವಳೆಂದು ತಿಳಿಯಿರಿ. ಎಲ್ಲರೂ ಅವಳಿಗಾಗಿ ಪ್ರಾರ್ಥಿಸಿದ ಬಳಿಕ ಕಿರಿಯ ಗೆಳತಿಯೊಬ್ಬಳು, “ಅಕ್ಕಾರ, ಕಣ್ಣು ಬಂದ ಮ್ಯಾಲೆ ನಮ್ಮ ಮಾರಿ ಕಂಡು ಅಂಜಬ್ಯಾಡ್ರಿ ಮತ್ತ!” ಅನ್ನುವಳು. ಅಷ್ಟಕ್ಕೆ ಅರ್ಧ ಅಂಜಿಕೆಯು ಓಡುವದು. ದೀರ್ಘವಾಗಿ ಪ್ರಾರ್ಥಿಸುವ ಹಿರಿಯರ ವಿಷಯದಲ್ಲಂತೂ ವಿನೋದಗಳಿಗೆ ಕೊನೆಯಿಲ್ಲ. ಅಂಥವರು ಕಣ್ಣು ಮುಚ್ಚಿದರೆಂದರೆ ಮಳೆ, ಬೆಳೆ, ಬ್ಯಾಡಗಿ ಮೆಣಸಿನಕಾಯಿಯ ಧಾರಣೆ ಎಲ್ಲವನ್ನೂ, ದೇವರು ವರ್ತಮಾನಪತ್ರವನ್ನೋದುವದಿಲ್ಲವೋ ಎಂಬಂತೆ ನಿವೇದಿಸುವರು. ಅತ್ತ ಚಹವು ಆರುವದು. ಹೀಗೆ ನಗುವವರು ಆ ಹಿರಿಯರನ್ನು ಬಿಟ್ಟುಕೊಡುವವರಲ್ಲ. ಅವರು ಒಂದು ವಾರ ಬಾರದಿದ್ದರೆ ಮೊದಲು ವಿಚಾರಿಸುವವರೂ ಇವರೇ.

ಆದರೆ ಎಲ್ಲವೂ ಇಷ್ಟು ಚಂದವಾಗಿಯೇ ನಡೆಯುವದೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಒಬ್ಬ ತಾಯಿಯು ಮಗನ ಕುಡಿತದ ಸಂಗತಿಯನ್ನು ಕಣ್ಣೀರಿನೊಡನೆ ಕೂಟದಲ್ಲಿ ಹೇಳಿಕೊಂಡಳೆಂದಿಟ್ಟುಕೊಳ್ಳಿರಿ. “ಪ್ರಾರ್ಥನೆ ಮಾಡೋಣವೆಂದು ಹೇಳುತ್ತೇನೆ, ಮತ್ತೆ ಯಾರಿಗೂ ಹೇಳಬೇಡಿರಿ” ಎಂಬ ಪೀಠಿಕೆಯೊಡನೆ ಅದು ಮರುದಿನ ಹತ್ತು ಮನೆಗಳನ್ನು ಮುಟ್ಟುವದು. ಮೂರನೆಯ ದಿನ ಮಗನ ಕಿವಿಯನ್ನೂ ಮುಟ್ಟುವದು. ಹಿಂದೆ ಬಾವಿಯ ಕಟ್ಟೆಯ ಮೇಲೆ ನಡೆಯುತ್ತಿದ್ದ ಚಾಡಿಮಾತು ಪ್ರಾರ್ಥನೆಯ ಸೆರಗನ್ನು ಹೊದ್ದುಕೊಂಡು ಬಂದರೆ ಅದನ್ನು ಗುರುತಿಸುವದು ಕಷ್ಟ. ಮೊಬೈಲಿನಲ್ಲಿಯಂತೂ ಒಂದು ಬೆರಳಿನ ಕೆಲಸ. ಮನೆಯ ಗುಟ್ಟನ್ನು ಇಡೀ ಗುಂಪಿನ ಮುಂದೆ ಹೇಳುವದಕ್ಕಿಂತ ಇಬ್ಬರು ಮೂವರ ಮುಂದೆ ಹೇಳುವದು ಲೇಸೆಂದು ನಮಗನ್ನಿಸುವದು. ಹೆರ್ನ್‌ಹೂಟಿನವರು ಊರೆಲ್ಲ ಕೂಡಿ ಪ್ರಾರ್ಥಿಸುತ್ತಿದ್ದರೂ ಮನಸ್ಸಿನ ಒಳಮಾತಿಗೆಂದು ಎರಡು ಮೂರು ಜನರ ಸಣ್ಣ ಸಣ್ಣ ತಂಡಗಳನ್ನು ಬೇರೆಯಾಗಿ ಮಾಡಿಕೊಂಡಿದ್ದರು, ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಇದರಲ್ಲಿ ಬಹಳ ವ್ಯವಹಾರಜ್ಞಾನವಿದೆ.

ಧೈರ್ಯ ಹೇಳುವದರಲ್ಲಿಯೂ ತಪ್ಪು ಹೆಜ್ಜೆಗಳುಂಟು. ಬೈಬಲಿನ ಯೋಬನ ಕಥೆಯಲ್ಲಿ ಮೂವರು ಸ್ನೇಹಿತರು ಬರುವರು. ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡು, ಮೈತುಂಬ ಹುಣ್ಣಾಗಿ ಕುಳಿತ ಗೆಳೆಯನನ್ನು ಕಂಡು ಅವರು ಗೋಳಿಟ್ಟರು. ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅಲ್ಲಿಯ ವರೆಗೆ ಅವರಂಥ ಗೆಳೆಯರಿಲ್ಲ. ಎಂಟನೆಯ ದಿನದಿಂದ ಬಾಯಿ ತೆರೆದು, ನಿನ್ನಲ್ಲಿ ಏನೋ ಪಾಪವಿರಬೇಕೆಂದು ವಾದಿಸತೊಡಗಿದರು, ಕೆಲಸ ಕೆಟ್ಟಿತು. ಕಡೆಗೆ ದೇವರು ಆ ಮೂವರ ಮೇಲೆಯೇ ಸಿಟ್ಟಾಗಿ, ಯೋಬನು ಅವರಿಗಾಗಿ ಪ್ರಾರ್ಥಿಸಿದ ಮೇಲೆ ಅವರನ್ನು ಕ್ಷಮಿಸಿದನೆಂದು ಕಥೆಯು ಹೇಳುವದು. ರೋಗಿಗೆ “ನಿಮ್ಮ ವಿಶ್ವಾಸ ಸಾಲದು, ಅದಕ್ಕೇ ವಾಸಿಯಾಗಿಲ್ಲ” ಎಂದು ಬರೆಯುವ ಬಂಧುಗಳು ಇಂದಿಗೂ ಇರುವರು. ಅಂಥವರಿಗಿಂತ ಬರಿಯ ಕೈಮುಗಿದ ಚಿತ್ರವನ್ನು ಕಳಿಸಿ ಸುಮ್ಮನಾಗುವವರು ಎಷ್ಟೋ ಮೇಲು.

2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಮುಚ್ಚಿದಾಗ ಈ ಕೂಟಗಳ ಸತ್ವಪರೀಕ್ಷೆಯಾಯಿತು. ಆ ವರುಷದ ಈಸ್ಟರ್ ಹಬ್ಬವು ಏಪ್ರಿಲ್ 12ರಂದು ಬಂದಿತು, ದೇವಾಲಯಗಳಿಗೆ ಬೀಗ. ಹಬ್ಬದ ಹಾಡನ್ನು ಒಬ್ಬೊಬ್ಬರು ಅವರವರ ಅಡಿಗೆಮನೆಯಲ್ಲಿ ನಿಂತು, ಒಂದೇ ಕರೆಯಲ್ಲಿ, ಒಬ್ಬರ ಹಿಂದೊಬ್ಬರು ತಾಳ ತಪ್ಪಿ ಹಾಡಿದರು. ಜೂನ್ 8ರ ವರೆಗೆ ಗುಡಿ, ಮಸೀದಿ, ಚರ್ಚುಗಳ ಬಾಗಿಲು ತೆರೆಯಲಿಲ್ಲ. ಶವಸಂಸ್ಕಾರಕ್ಕೆ 20 ಜನರ ಮಿತಿಯಿದ್ದಿತು; ಪರಸ್ಥಳದ ಮಕ್ಕಳು ತಾಯಿತಂದೆಗಳ ಮಣ್ಣಿಗೆ ಬರಲಾರದೆ ಹೋದರು. ಆಗ ಫೋನಿನಲ್ಲಿ ಕೇಳಿದ ಪ್ರಾರ್ಥನೆಯ ಹೊರತು ಅವರಿಗೆ ಬೇರೆ ಸಾಂತ್ವನವಿರಲಿಲ್ಲ. ಯಾವ ಗುಂಪಿನಲ್ಲಿ ಮೊದಲೇ ಒಬ್ಬರ ಮನೆಯನ್ನೊಬ್ಬರು ಬಲ್ಲವರಿದ್ದರೋ, ಅಲ್ಲಿ ಪ್ರಾರ್ಥನೆಯ ಹಿಂದೆಯೇ ಹೊಸ್ತಿಲ ಮೇಲೆ ಅಕ್ಕಿಯ ಚೀಲವೂ ಔಷಧದ ಚೀಟಿಯೂ ಬಂದವು. ಬರಿಯ ಚಿತ್ರ ಕಳಿಸುವ ಗುಂಪುಗಳಲ್ಲಿ ಚಿತ್ರಗಳು ಹೆಚ್ಚಾದವು, ಅಷ್ಟೆ.

ಕೆಲವು ಕೂಟಗಳಲ್ಲಿ ಒಂದು ನೋಟಬುಕ್ಕನ್ನು ಇಡುವ ವಾಡಿಕೆಯುಂಟು. ಎಡಗಡೆಗೆ ಯಾರು ಏನನ್ನು ಬೇಡಿದರೆಂದು ತಾರೀಖಿನೊಡನೆ ಬರೆಯುವರು. ಬಲಗಡೆಗೆ ಅದು ಏನಾಯಿತೆಂದು. ಮಗನು ಪಾಸಾದನು; ಹೆರಿಗೆಯು ಸುಸೂತ್ರವಾಯಿತು; ನೌಕರಿ ಸಿಕ್ಕಿತು. ಬಲಗಡೆಯ ಸಾಲುಗಳಲ್ಲಿ ಬಹಳಷ್ಟು ಖಾಲಿಯಾಗಿಯೇ ಉಳಿಯುವವು. ಖಾಲಿ ಉಳಿದವುಗಳನ್ನು ವರುಷದ ಕೊನೆಗೆ ಹೊಸ ನೋಟಬುಕ್ಕಿನ ಮೊದಲನೆಯ ಪುಟಕ್ಕೆ ಬರೆದುಕೊಳ್ಳುವರು. ಬೇಡಿದವರೇ ತೀರಿಕೊಂಡಿದ್ದರೆ ಆ ಸಾಲಿನಲ್ಲಿ ಅವರ ಮಕ್ಕಳ ಹೆಸರು ಬರುವದು.